ಎರಡು ಡಿಗ್ರಿ

ಇಂದ್ರಾಣಿ ತನ್ನ ನೌಕರಿಯಲ್ಲಿ ಮಾಡಿದ ಒಂದೇ ಒಂದು ಕಳ್ಳ ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.

2006ರ ಏಪ್ರಿಲ್ ತಿಂಗಳು. ಅವಳು ಮೈಸೂರಿನಲ್ಲಿ ಒಂದು ಮೊಬೈಲ್ ಕಂಪೆನಿಯ ಇಂಜಿನಿಯರ್. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ಟವರುಗಳು ಅವಳ ಉಸ್ತುವಾರಿಯಲ್ಲಿದ್ದವು. ಯಾವ ಟವರಿನ ಆಂಟೆನಾ ಯಾವ ದಿಕ್ಕಿಗೆ ನೋಡಬೇಕು, ಎಷ್ಟು ತಲೆ ಬಗ್ಗಿಸಿರಬೇಕು ಎಂದು ಹೇಳುವವಳು ಅವಳೇ. ಅಂಥವಳ ಸ್ವಂತ ಊರು ಹೆಡತಲೆಯಲ್ಲಿ ಮಾತ್ರ ಕಂಪೆನಿಯ ಸಿಗ್ನಲ್ ಒಂದು ಕಡ್ಡಿಯಷ್ಟೂ ಇರಲಿಲ್ಲ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ತಾಯಿ ಸಾಕಮ್ಮನಿಗೆ ಅವಳು ಯುಗಾದಿಗೆ ಫೋನು ಕೊಡಿಸಿದ್ದಳು. ಸಾಕಮ್ಮ ಅದನ್ನು ಕರ್ಚೀಪಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಕ್ಕಳಿಗೆ ಉಪ್ಪಿಟ್ಟು ಕೊಡುವ ಹೊತ್ತಾಯಿತೇ ಎಂದು ಗಂಟೆ ನೋಡುವುದಕ್ಕೆ ಬಳಸುತ್ತಿದ್ದಳು.

"ಮಗ್ಳು ಫೋನ್ ಕಂಪ್ನಿ ಇಂಜಿನೀರಂತೆ, ಅವ್ವನ್ ಫೋನೇ ಮೂಗಂತೆ" ಎಂದು ಊರವರು ಆಡಿಕೊಳ್ಳುತ್ತಿದ್ದರು. ಸಾಕಮ್ಮನೇ ಇದನ್ನು ನಗುತ್ತಾ ಹೇಳಿದ್ದಳು. ಮಗಳಿಗೆ ನಗು ಬರಲಿಲ್ಲ.

ನಂಜನಗೂಡಿನ ಹೊರಗಿದ್ದ ಟವರಿನ ಒಂದು ಆಂಟೆನಾ ಹೆಡತಲೆಯ ದಿಕ್ಕಿಗೇ ಇತ್ತು. ಆದರೆ ಅದನ್ನು ಆರು ಡಿಗ್ರಿ ಕೆಳಕ್ಕೆ ಬಗ್ಗಿಸಿ ಕಟ್ಟಿದ್ದರು. ಅದು ಬೇಕೆಂದೇ ಮಾಡಿದ್ದು. ಕಂಪೆನಿಗೆ ಸರ್ಕಾರ ಕೊಟ್ಟಿದ್ದ ತರಂಗಗಳು ಬೆರಳೆಣಿಕೆಯಷ್ಟು. ಅವನ್ನೇ ಒಂದು ಟವರಿಗೆ ಕೊಟ್ಟು, ನಡುವೆ ಒಂದಷ್ಟು ದೂರ ಬಿಟ್ಟು, ಮತ್ತೊಂದು ಟವರಿಗೂ ಕೊಡಬೇಕು. ಯಾವ ಟವರೂ ತನ್ನ ಎಲ್ಲೆ ಮೀರಿ ಕೂಗಬಾರದು. ಮೀರಿದರೆ ದೂರದಲ್ಲಿ ಅದೇ ತರಂಗದ ಮೇಲೆ ಮಾತಾಡುತ್ತಿರುವವರ ಮಾತು ಚೂರುಚೂರಾಗುತ್ತದೆ. ಇದನ್ನು ಹೊಸಬರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದವಳೂ ಇಂದ್ರಾಣಿಯೇ.

ಒಂದು ಬೆಳಿಗ್ಗೆ ಅವಳು ಟವರ್ ಹತ್ತುವ ಕರಿಯಯ್ಯನನ್ನು ಕರೆದುಕೊಂಡು ಹೋದಳು. ಐವತ್ತು ದಾಟಿದ್ದ ಕರಿಯಯ್ಯ ಮೊದಲು ಕರೆಂಟಿನ ಕಂಬ ಹತ್ತುತ್ತಿದ್ದವನು. ಮೇಲಕ್ಕೆ ಹೋದವನು ಸ್ಪ್ಯಾನರ್ ಹಿಡಿದು ಕೂಗಿದ, "ಎಷ್ಟು ಮೇಡಂ?"

"ಎರಡು ಡಿಗ್ರಿ ಮೇಲಕ್ಕೆ."

"ಕಾಗ್ದ ಬಂದದಾ?"

"ಬರುತ್ತೆ, ನೀವು ಮಾಡಿ."

ಕೆಳಗಿಳಿದ ಮೇಲೆ ಅವನು ಕೈ ಒರೆಸಿಕೊಳ್ಳುತ್ತಾ ಹೆಡತಲೆಯ ದಿಕ್ಕನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಅವ್ವಾರು ಚೆನ್ನಾಗವ್ರಾ ಮೇಡಂ?" ಎಂದಷ್ಟೇ ಕೇಳಿದ.

ಮಧ್ಯಾಹ್ನವೇ ಸಾಕಮ್ಮನ ಫೋನು ಬಂತು.

"ಮಗ, ಕಡ್ಡಿ ಬಂದದೆ ಕಣವ್ವ! ಎಲ್ಡು ಬಂದವೆ!"

"ಹೌದಾ ಅವ್ವ?" ನಾನೇ ಮಾಡಿದ್ದು ಎಂದು ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಸಾಕಮ್ಮ ಮುಂದುವರಿಸಿದಳು.

"ಪುಟ್ಟಬಸವಯ್ನೋರು ಮಾಡ್ಸುದ್ರಂತೆ. ಓದ ತಿಂಗ್ಳು ಅರ್ಜಿ ಕೊಟ್ಟಿದ್ರಲ್ಲ, ಅದ್ಕೆ. ಪಂಚಾಯ್ತಿ ಮುಂದೆ ಪೇಡ ಅಂಚ್ತಾವ್ರೆ. ನಂಗೂ ಎಲ್ಡು ಕೊಟ್ರು."

ಪುಟ್ಟಬಸವಯ್ಯ ಪಂಚಾಯ್ತಿ ಸದಸ್ಯ, ಮಠಕ್ಕೆ ನಡೆದುಕೊಳ್ಳುವ ದೊಡ್ಡ ಕುಳ. ಅವನ ಅರ್ಜಿ ಮೈಸೂರಿನ ಕಚೇರಿಯಲ್ಲಿ ಇಂದ್ರಾಣಿಯ ಮೇಜಿನ ಮೇಲೆಯೇ ಬಿದ್ದಿತ್ತು. 'ಸದ್ಯಕ್ಕೆ ಸಾಧ್ಯವಿಲ್ಲ' ಎಂದು ಅದರ ಮೇಲೆ ಬರೆದವಳೂ ಅವಳೇ. ಈಗ ಬಾಯಿ ಬಿಡುವ ಹಾಗಿರಲಿಲ್ಲ. "ಒಳ್ಳೇದಾಯ್ತು ಬಿಡವ್ವ" ಎಂದಳು.

ಮೂರು ವಾರ ತಾಯಿ ಮಗಳು ದಿನಾ ಮಾತಾಡಿದರು. ಅಷ್ಟರಲ್ಲಿ, ಅದೇ ದಿಕ್ಕಿನಲ್ಲಿ ಆಚೆಗಿದ್ದ ತಗಡೂರಿನಿಂದ ದೂರು ಬರತೊಡಗಿತ್ತು. ಫೋನು ಮಾಡಿದರೆ ಮಾತು ತುಂಡಾಗುತ್ತದೆ, ಗರಗರ ಎನ್ನುತ್ತದೆ, ಅರ್ಧಕ್ಕೇ ಕಡಿದುಹೋಗುತ್ತದೆ. ಮೈಸೂರಿನ ಮ್ಯಾನೇಜರ್ ಅವಳನ್ನು ಕರೆಸಿ, "ಯಾವುದೋ ಟವರ್ ಎಲ್ಲೆ ಮೀರಿ ಕೂಗ್ತಾ ಇದೆ ಕಣಮ್ಮ. ಯಾರದು ತಪ್ಪು ಅಂತ ಕಂಡುಹಿಡಿದು ಬಾ. ಆ ಕಡೆ ಎಲ್ಲಾ ನಿನಗೆ ಗೊತ್ತಲ್ಲ" ಎಂದ.

ಕಂಡುಹಿಡಿಯುವುದಕ್ಕೆ ಮೈಸೂರು ಬಿಡಬೇಕಾದ ಅಗತ್ಯವೇ ಅವಳಿಗಿರಲಿಲ್ಲ. ಆದರೂ ಜೀಪಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೇಲೆ ಪುಟ್ಟ ಆಂಟೆನಾ ಅಂಟಿಸಿಕೊಂಡು, ತಗಡೂರಿನ ಬೀದಿಬೀದಿಯಲ್ಲಿ ಅರ್ಧ ದಿನ ಸುತ್ತಿದಳು. ಪರದೆಯ ಮೇಲೆ ತಗಡೂರಿನ ಟವರಿನ ಸಿಗ್ನಲ್‌ಗೆ ಅಡ್ಡ ಬರುತ್ತಿದ್ದ ಇನ್ನೊಂದು ಟವರಿನ ಗುರುತು ಎಲ್ಲಿ ಹೋದರೂ ಒಂದೇ ಇತ್ತು. ನಂಜನಗೂಡಿನ ಹೊರಗಿನದು. ಕೈಹಿಡಿದು ತೋರಿಸಿದಷ್ಟು ಸ್ಪಷ್ಟ.

ಜೀಪು ನಿಂತದ್ದನ್ನು ಕಂಡು ಟೈಲರ್ ಚಲುವಯ್ಯ ಟೇಪು ಕೊರಳಿಗೆ ಹಾಕಿಕೊಂಡೇ ಅಂಗಡಿಯಿಂದ ಇಳಿದು ಬಂದ. ದೂರು ಕೊಟ್ಟವರಲ್ಲಿ ಮೊದಲನೆಯವನು ಅವನೇ.

"ನಿಮ್ ಕಂಪ್ನಿಯಿಂದ ನಮ್ ಮನೆ ಮದ್ವೆ ನಿಂತೋಯ್ತು ಮೇಡಂ!" ಎಂದ. "ಮಗ್ಳು ಮಧುಶ್ರೀಗೆ ಬನ್ನೂರು ಕಡೆ ಗಂಡು ಬಂದಿತ್ತು. ಗಂಡಿನಪ್ಪ ಫೋನ್ ಮಾಡ್ದ. ನನ್ ಕಿವಿಗೆ ಬಿದ್ದಿದ್ದು 'ಇಲ್ಲ' ಅನ್ನೋದೊಂದೇಯಾ. ಕಟ್ ಆಗೋಯ್ತು. ಒಪ್ಪಿಗೆ ಇಲ್ಲ ಅಂತವ್ನೆ, ನಾನ್ಯಾಕೆ ಮೇಲ್ ಬಿದ್ದು ಓಗ್ಲಿ ಅಂತ ಸುಮ್ನಾದೆ. ಆಮೇಲೆ ಗೊತ್ತಾಯ್ತು, ಅವ್ನು ಏಳಿದ್ದು 'ನಮ್ದೇನೂ ತಕರಾರಿಲ್ಲ' ಅಂತ. ಈಗ ನಾವು ಸೊಕ್ಕು ಮಾಡಿದ್ವಿ ಅಂತ ಅವ್ರು ಮುನಿಸ್ಕಂಡವ್ರೆ."

ಇಂದ್ರಾಣಿ ತುಟಿ ಕಚ್ಚಿ ನಗು ತಡೆದುಕೊಂಡಳು. ಚಲುವಯ್ಯ ಕೈ ತೋರಿಸಿ ಪಕ್ಕದ ಮನೆಯ ಕಥೆಗೆ ಹೋದ.

"ಅದು ಬುಡಿ. ಮೊನ್ನೆ ಈ ಚನ್ನಬಸಮ್ಮನ್ ಸೊಸೆಗೆ ನೋವು ಬಂತು. ಆಟೋದವ್ನಿಗೆ ಏಳ್ ಸಲ ಮಾಡುದ್ರು, ಏಳ್ ಸಲಾನೂ ಕಟ್ಟು. ಕೊನೀಗೆ ಆಲಿನ ವ್ಯಾನ್‌ಗೆ ಅತ್ತುಸ್ಕಂಡು ಓದ್ರು. ಮಗ ದಾರೀಲೇ ಆಯ್ತು. ದೇವ್ರು ದೊಡ್ಡೋನು, ಇಬ್ರೂ ಉಳ್ಕಂಡ್ರು."

ಅವಳಿಗೆ ಬಂದಿದ್ದ ನಗು ಅಲ್ಲೇ ಸತ್ತುಹೋಯಿತು. ಪಕ್ಕದ ಮನೆಯ ಜಗಲಿಯಲ್ಲಿ ಒಣಹಾಕಿದ್ದ ಪುಟ್ಟ ಬಟ್ಟೆಗಳನ್ನು ನೋಡುತ್ತಾ, ಒಳಗೆ ಹೋಗಿ ಮಗುವನ್ನು ನೋಡಿ ಬರಲೇ ಎಂದುಕೊಂಡಳು. ಯಾವ ಮುಖ ಹೊತ್ತುಕೊಂಡು ಹೋಗುವುದು ಎನ್ನಿಸಿ ಜೀಪು ಹತ್ತಿದಳು.

ಜೀಪು ಇನ್ನೇನು ಹೊರಡಬೇಕು, ಮಧುಶ್ರೀ ಓಡಿಬಂದು ಬಾಗಿಲು ಹಿಡಿದುಕೊಂಡಳು. ಹಿಂದಕ್ಕೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಕ್ಕ, ಇದು ಇವತ್ತೇ ರಿಪೇರಿ ಆಗ್ಬುಡ್ತದಾ?"

"ನಾಳೆ ಆಗುತ್ತೆ. ಯಾಕೆ?"

"ಆಷಾಢದ ಗಂಟ ಇಂಗೇ ಇರ್ಲಿ ಅಕ್ಕ. ಅಷ್ಟೊತ್ಗೆ ಅವ್ರು ಬ್ಯಾರೆ ಎಣ್ಣು ನೋಡ್ಕತಾರೆ. ನಾನು ಟೀಚರ್ ಟ್ರೈನಿಂಗ್‌ಗೆ ಅರ್ಜಿ ಆಕಿವ್ನಿ."

ಕೆಟ್ಟ ನೆಟ್‌ವರ್ಕ್ ಹಾಗೇ ಇರಲಿ ಎಂದು ಬೇಡಿಕೊಂಡ ಗಿರಾಕಿಯನ್ನು ಇಂದ್ರಾಣಿ ಅದುವರೆಗೆ ಕಂಡಿರಲಿಲ್ಲ. ಅವಳಿಗೂ ಅದೇ ಬೇಕಿತ್ತು. ಸರಿ ಮಾಡದೆ ಬಿಟ್ಟರೆ ಈ ಹುಡುಗಿ ಓದುತ್ತಾಳೆ, ಅವ್ವ ದಿನಾ ಮಾತಿಗೆ ಸಿಗುತ್ತಾಳೆ, ತನ್ನ ಕಳ್ಳತನವೂ ಮುಚ್ಚಿರುತ್ತದೆ. ಆದರೆ ಆ ಹಾಲಿನ ವ್ಯಾನು ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ.

"ಬೇಡ ಅನ್ನೋದನ್ನ ನೀನೇ ಬಾಯಿ ಬಿಟ್ಟು ಹೇಳು ಮಧುಶ್ರೀ. ಟವರಿನ ಕೈಲಿ ಹೇಳಿಸಬೇಡ" ಎಂದಳು. ಹೇಳಿ ಮುಗಿಸುವ ಮೊದಲೇ, ಇಂಥ ಮಾತನ್ನಾಡುವ ಯೋಗ್ಯತೆ ತನಗೆಲ್ಲಿದೆ ಎನ್ನಿಸಿತು.

ಮರುದಿನ ಕರಿಯಯ್ಯ ಮತ್ತೆ ಹತ್ತಿ ಆಂಟೆನಾದ ತಲೆಯನ್ನು ಎರಡು ಡಿಗ್ರಿ ಬಗ್ಗಿಸಿ ಬಂದ. ಇಂದ್ರಾಣಿ ವರದಿ ಬರೆಯಲು ಕೂತಳು. ನಿಜ ಬರೆದರೆ ಕೆಲಸ ಹೋಗುತ್ತದೆ. ಪೆನ್ನನ್ನು ತುಂಬಾ ಹೊತ್ತು ತಿರುಗಿಸಿ, 'ಗಾಳಿಯ ಹೊಡೆತಕ್ಕೆ ಬೋಲ್ಟ್ ಸಡಿಲಾಗಿ ಆಂಟೆನಾ ಎರಡು ಡಿಗ್ರಿ ಮೇಲೆದ್ದಿತ್ತು, ಸರಿಪಡಿಸಲಾಗಿದೆ' ಎಂದು ಬರೆದಳು.

ಮ್ಯಾನೇಜರ್ ಹಿಗ್ಗಿಹೋದ. ಒಂದೇ ದಿನದಲ್ಲಿ ಕಾರಣ ಹಿಡಿದಳೆಂದು ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೊಗಳಿದ. ಅಷ್ಟಕ್ಕೇ ಬಿಡಲಿಲ್ಲ. ಗಾಳಿಗೆ ಬೋಲ್ಟ್ ಸಡಿಲಾಗುವುದಾದರೆ ಎರಡೂ ತಾಲ್ಲೂಕಿನ ಅಷ್ಟೂ ಟವರುಗಳನ್ನು ಹತ್ತಿ ನೋಡಬೇಕು ಎಂದು ಆಜ್ಞೆ ಹೊರಡಿಸಿದ. ಮೇ ತಿಂಗಳ ಬಿಸಿಲಿನಲ್ಲಿ ಕರಿಯಯ್ಯ ಒಂದಾದ ಮೇಲೊಂದು ಟವರ್ ಹತ್ತಿದ. ಒಂದು ಬೋಲ್ಟೂ ಅಲ್ಲಾಡಿರಲಿಲ್ಲ. ಅವನು ಇಳಿಯುವ ಹೊತ್ತಿಗೆ ಇಂದ್ರಾಣಿ ಎಲ್ಲಾ ಕಡೆ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದಳು.

"ಎಂಥಾ ಗಾಳಿ ಮೇಡಂ ಅದು," ಎನ್ನುತ್ತಿದ್ದ ಅವನು ಲೋಟ ತೆಗೆದುಕೊಳ್ಳುತ್ತಾ, "ಓದು ಬರಾ ಕಲ್ತಿರೋ ಗಾಳಿ."

ನಡುವೆ ಒಂದು ದಿನ ಚಲುವಯ್ಯನ ಫೋನು ಬಂತು. ಬನ್ನೂರಿನವರು ಮುನಿಸು ಬಿಟ್ಟು ತಾವೇ ಫೋನು ಮಾಡಿದರಂತೆ. ಎತ್ತಿದವಳು ಮಧುಶ್ರೀ. ತನಗೆ ಈ ಮದುವೆ ಇಷ್ಟವಿಲ್ಲ ಎಂದು ಒಂದಕ್ಷರವೂ ಕಳೆದುಹೋಗದಂತೆ ಹೇಳಿಬಿಟ್ಟಳಂತೆ. "ಇಷ್ಟು ಚೆನ್ನಾಗಿ ರಿಪೇರಿ ಮಾಡಿ ಅಂತ ಯಾರ್ ಏಳುದ್ರು ನಿಮ್ಗೆ?" ಎಂದು ಚಲುವಯ್ಯ ಗುಡುಗಿದ.

ಹೆಡತಲೆಯಲ್ಲಿ ಆದದ್ದು ಮಾತ್ರ ಬೇರೆ. ಸಿಗ್ನಲ್ ಹೋದ ದಿನವೇ ಪುಟ್ಟಬಸವಯ್ಯ ಪಂಚಾಯ್ತಿ ಕಟ್ಟೆಯ ಮೇಲೆ ಕೂತು, "ನಾನ್ ಸಿಗ್ನಲ್ ತಂದೆ, ಅವಳು ಕಿತ್ತಾಕುದ್ಲು. ಸಾಕಮ್ಮನ ಮಗ್ಳಿಗೆ ಊರು ಉದ್ಧಾರ ಆಗೋದು ಬೇಕಿಲ್ಲ" ಎಂದ. ಮೂರು ವಾರ ಮಾತಾಡಿ ರುಚಿ ಹತ್ತಿದ್ದ ಊರು ಅದನ್ನು ನಂಬಿತು. ಮೇಲಿನ ಕೇರಿಯ ನಾಲ್ಕು ಮನೆಯವರು ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನೇ ನಿಲ್ಲಿಸಿದರು. ಸಾಕಮ್ಮ ಕಾಯಿನ್ ಬೂತಿನಿಂದ ಮಗಳಿಗೆ ಫೋನು ಮಾಡಿದಳು.

"ನೀನೇ ಕಿತ್ತಿದ್ದಾ ಮಗ?"

"ಹೂಂ ಅವ್ವ." ಇಂದ್ರಾಣಿ ಈ ಸಲ ಮುಚ್ಚಿಡಲಿಲ್ಲ. "ತಂದಿದ್ದೂ ನಾನೇ. ನಿನಗೋಸ್ಕರ. ತಗಡೂರಿನವರಿಗೆ ಅದರಿಂದ ಕಷ್ಟ ಆಯ್ತು. ಒಬ್ಬ ಹೆಂಗಸಿಗೆ ದಾರೀಲೇ ಹೆರಿಗೆ ಆಯ್ತು."

ಬೂತಿನೊಳಗೆ ಇನ್ನೊಂದು ನಾಣ್ಯ ಬಿದ್ದ ಸದ್ದು ಕೇಳಿತು.

"ತಂದಾಗ್ಲೇ ಏಳಿದ್ರೆ, ಆ ಪೇಡವ ನಾವೇ ಅಂಚ್ಬೋದಾಗಿತ್ತಲ್ಲ" ಎಂದಳು ಸಾಕಮ್ಮ. ಆಮೇಲೆ ದನಿ ಬದಲಾಯಿತು. "ಆ ಕೂಸು ಚೆನ್ನಾಗದಾ?"

"ಚೆನ್ನಾಗಿದೆಯಂತೆ."

"ಸರಿ. ಈ ಜನದ ಮಾತ ನಾನ್ ನೋಡ್ಕತೀನಿ, ನೀನು ಉಣ್ಣು."

ಯಾರಿಗೂ ಏನೂ ಹೇಳದೆ ಸಾಕಮ್ಮ ಎರಡು ತಿಂಗಳು ಆ ಬೈಗುಳವನ್ನು ಹೊತ್ತುಕೊಂಡು ಓಡಾಡಿದಳು. ಅಷ್ಟರಲ್ಲಿ ಮೈಸೂರಿನ ಮ್ಯಾನೇಜರ್ ಹಳೆಯ ಲೆಕ್ಕ ನೋಡುತ್ತಾ ಕುರ್ಚಿಯಿಂದ ಎದ್ದುನಿಂತಿದ್ದ. ಗಾಳಿ ಬೀಸಿದ ಆ ಮೂರು ವಾರ ಹೆಡತಲೆಯ ಕಡೆಯಿಂದ ಬಂದ ಕರೆಗಳು ಒಂದು ಸಣ್ಣ ಪಟ್ಟಣಕ್ಕೆ ಸಮವಾಗಿದ್ದವು! "ಗಾಳಿಯೇ ನಮಗೆ ಸರ್ವೆ ಮಾಡಿಕೊಟ್ಟಿದೆ ಕಣಮ್ಮ" ಎಂದು ಹೆಡತಲೆಗೇ ಒಂದು ಟವರ್ ಮಂಜೂರು ಮಾಡಿಸಿದ. ಜಾಗ ಹುಡುಕಿದವರಿಗೆ ಹೊಂದಿದ್ದು ಪುಟ್ಟಬಸವಯ್ಯನ ಹೊಲದ ಮೂಲೆ. ಬಾಡಿಗೆ ಅವನಿಗೆ ಹೋಯಿತು.

ದಸರಾ ಮುಗಿದ ವಾರ ಟವರಿನ ಪೂಜೆ ನಡೆಯಿತು. ಪುಟ್ಟಬಸವಯ್ಯ ತನ್ನ ಹೋರಾಟದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, "ನಮ್ಮೂರ ಎಣ್ಮಗ್ಳು, ನಮಗೆಲ್ಲಾ ಎಮ್ಮೆ" ಎಂದು ಇಂದ್ರಾಣಿಗೂ ಒಂದು ಶಾಲು ಹೊದಿಸಿದ. ಮಕ್ಕಳನ್ನು ಕಳಿಸದೆ ನಿಲ್ಲಿಸಿದ್ದವರೇ ಚಪ್ಪಾಳೆ ತಟ್ಟಿದರು. ಅವಳು ಶಾಲನ್ನು ತೆಗೆಯಲೂ ಆಗದೆ ಹೊದೆಯಲೂ ಆಗದೆ ಕೂತಳು. ಸಾಕಮ್ಮ ಹೆಂಗಸರ ಸಾಲಿನ ನಡುವೆ ಕೂತು, ಮಗಳನ್ನೇ ನೋಡುತ್ತಾ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈ ಕುಲುಕಿಸಿ ನಗುತ್ತಿದ್ದಳು.

ಒಂದು ವಾರ ಕಳೆದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಸಾಕಮ್ಮನ ಫೋನು ಬಂತು. ನಾಲ್ಕು ಕಡ್ಡಿ, ಎದುರಿಗೆ ಕೂತು ಮಾತಾಡಿದಷ್ಟು ಸ್ಪಷ್ಟ.

"ಮಗ, ಆ ಅಂಗನ್ವಾಡಿ ಸೂಪರ್‌ವೈಜರಮ್ಮ ದಿನಾ ಒಂಬತ್ ಗಂಟೆಗೇ ಫೋನ್ ಮಾಡಿ ಬಾಗ್ಲು ತಗದ್ಯಾ, ಬ್ಯಾಳೆ ಆಕುದ್ಯಾ ಅಂತ ಪ್ರಾಣ ತಿಂತಾವ್ಳೆ. ನಮ್ಮನೆ ಕಡೀಗೆ ಮಾತ್ರ ಒಸಿ ಕಮ್ಮಿ ಮಾಡಕಾಯ್ತದಾ?"

"ಅದೆಲ್ಲಾ ಆಗಲ್ಲ ಅವ್ವ" ಎಂದಳು ಇಂದ್ರಾಣಿ. ಆಮೇಲೆ ಫೋನು ಆಫ್ ಮಾಡಲು ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂದು ನಿಧಾನವಾಗಿ ಹೇಳಿಕೊಟ್ಟಳು.