ಎಸಿಗೆ ತೊಡಿಸಿದ ಹತ್ತಿ ಹೊದಿಕೆ

ಬೇಸಿಗೆ ಬಂತೆಂದರೆ ನಮ್ಮ ಬೀದಿಯಲ್ಲಿ ಒಂದೇ ಗೋಳು. "ಎಸಿ ತಣ್ಣಗೆ ಮಾಡ್ತಿಲ್ಲ." "ಈಗಿನ ಮಷೀನುಗಳೇ ಇಷ್ಟು, ನಾಲ್ಕು ದಿನದ ಬಾಳು." ಬಾಯಿ ಎಲ್ಲರಿಗೂ ಇದೆ. ಫಿಲ್ಟರ್ ತೆಗೆದು ನೋಡಿದ ಕೈ ಮಾತ್ರ ಒಂದೂ ಇಲ್ಲ.

ಬೀದಿಯ ಕೊನೆ ಮನೆ ಹಾಸಿಗೆ ಹೊಲಿಯುವವನದು. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಕಾದ ತಾರಸಿ. ಲಕ್ವ ಹೊಡೆದು ಎದ್ದು ಓಡಾಡಲಾರದ ಅಮ್ಮ ಮೇಲಿನ ಕೋಣೆಯಲ್ಲಿ. "ಇವರ ಮೈ ಸೆಕೆ ತಡೆಯಲ್ಲ, ಕೋಣೆ ತಂಪಾಗಿರ್ಲಿ" ಎಂದು ಡಾಕ್ಟರು ಹೇಳಿದ ಮೇಲೆ ಅವನು ಎಸಿ ತಂದ. ಅಮ್ಮನ ಮೇಲೆ ಅವನಿಗೆ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ.

ಮಷೀನಿನ ಮೇಲೂ ಪ್ರಾಣ. ಎಡವಟ್ಟಾಗಿದ್ದು ಅಲ್ಲೇ. ಕವರ್ ಹಾಕಿದ ಹಾಸಿಗೆ ಬಾಳುತ್ತದೆ, ಹಾಕದ್ದು ಹಾಳಾಗುತ್ತದೆ. ಅವನ ಕಸುಬು ಕಲಿಸಿದ್ದು ಇಷ್ಟು. ರಿಮೋಟಿನ ಪ್ಲಾಸ್ಟಿಕ್ಕನ್ನೇ ಬಿಚ್ಚಿರಲಿಲ್ಲ. ಇನ್ನು ತಾರಸಿಯ ಮೇಲಿನ ಎಸಿಯ ಹೊರಪೆಟ್ಟಿಗೆಯನ್ನು ಬಿಡುತ್ತಾನಾ? ಹತ್ತಿ ತುಂಬಿ ದಪ್ಪ ಹೊದಿಕೆ ಹೊಲಿದು ತೊಡಿಸಿದ. ಬೆನ್ನು, ಪಕ್ಕೆ, ತಲೆ ಎಲ್ಲ ಮುಚ್ಚಿ ಫ್ಯಾನಿನ ಮುಖವೊಂದನ್ನು ಬಿಟ್ಟ. ಅಂಚಿಗೆ ಕೆಂಪು ಪಟ್ಟಿ ಬೇರೆ!

ಎದುರುಮನೆ ಅಕ್ಕನಿಗೆ ದೊಡ್ಡಾಸ್ಪತ್ರೆಯ ಎಸಿಗಳನ್ನು ನೋಡಿಕೊಳ್ಳುವ ಕೆಲಸ. ಬಟ್ಟೆ ಒಣಹಾಕಲು ತನ್ನ ತಾರಸಿಗೆ ಬಂದವಳು ಅಲ್ಲಿಂದಲೇ ಕೂಗಿದಳು.

"ತಮ್ಮಾ, ಆ ಪೆಟ್ಟಿಗೆಗೇನು ಚಳಿಜ್ವರ ಬಂದಿದ್ಯಾ?"

"ಧೂಳು ಕೂರಬಾರದು ಅಂತ ಅಕ್ಕಾ. ಹೇಗಿದೆ ಹೊಲಿಗೆ?"

"ನಿನ್ನ ಹೊಲಿಗೆಗಿಷ್ಟು ಬೆಂಕಿ ಹಾಕ! ಅದು ಹಿಂದಿನಿಂದ ಗಾಳಿ ಎಳೆದು, ಕೋಣೆ ಸೆಕೆಯನ್ನೆಲ್ಲ ಮುಂದೆ ಉಗುಳಬೇಕು. ನೀನು ಮೂಗು ಮುಚ್ಚಿ ಓಡು ಅಂತಿದ್ದೀಯ. ಬಿಚ್ಚು ಮೊದಲು. ಒಳಗಿನ ಫಿಲ್ಟರ್ ತೊಳೀತೀಯೋ ಇಲ್ವೋ?"

"ಎರಡು ವರ್ಷದ ಹೊಸ ಮಷೀನು ಅಕ್ಕಾ. ಮುಟ್ಟಿದ್ರೇ ಕೆಡೋದು. ನಿನ್ನ ಕಣ್ಣಿಗೆ ಊರಿನ ಎಸಿಗಳೆಲ್ಲ ರೋಗಿಗಳ ಹಾಗೇ ಕಾಣ್ತವೆ."

ಅಮ್ಮನೂ ಹೇಳಿದಳು. ದಿನವಿಡೀ ಅದರ ಕೆಳಗೆ ಮಲಗಿರುವವಳು ಅವಳೇ ತಾನೆ?

"ಮಗಾ, ಇದರ ಸದ್ದು ಬದಲಾಗಿದೆ ಕಣೋ. ಏದುಸಿರು ಬಿಡ್ತಿದೆ. ಆಗಾಗ ನಿಂತೇ ಹೋಗ್ತದೆ."

"ನಿನ್ನ ಕಿವಿಗೆ ವಯಸ್ಸಾಯ್ತಮ್ಮಾ" ಎಂದು ನಕ್ಕ.

ಕೋಣೆ ತಣ್ಣಗಾಗುತ್ತಿಲ್ಲವೆಂದು ಹೆಂಡತಿ ಹಿಂದೆ ಬಿದ್ದಾಗ ಎಸಿಗೆ ಗ್ಯಾಸ್ ತುಂಬುವವನನ್ನು ಕರೆಸಿದ. ಅವನು ತುಂಬಿದ, ಹೋದ. ಹೋದ ಬೇಸಿಗೆಯಲ್ಲೂ ತುಂಬಿದ್ದನಲ್ಲ, ಅದೆಲ್ಲಿ ಹೋಯಿತು ಎಂದು ಕೇಳಿದವರಿಲ್ಲ.

ಒಂದು ಉರಿಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕೆಳಗೆ ಅಂಗಡಿಯಲ್ಲಿದ್ದರು. ಹೊಲಿಗೆ ಮಷೀನಿನ ಗದ್ದಲ. ಊಟ ಹಿಡಿದು ಮೇಲೆ ಹೋದ ಹೆಂಡತಿ ಬಾಗಿಲು ತೆಗೆದರೆ ಕೋಣೆ ಒಲೆಯಾಗಿದೆ. ಕಿಟಕಿ ಮುಚ್ಚಿದೆ. ಎಸಿ ಸತ್ತಿದೆ. ಅಮ್ಮನ ಮೈ ಕೆಂಡ. ಕೂಗಿದ್ದಳೋ ಏನೋ, ಕೂಗಿದ್ದರೂ ಯಾರಿಗೆ ಕೇಳಬೇಕು?

ಚೀರಾಟ ಕೇಳಿ ಎದುರುಮನೆ ಅಕ್ಕ ಓಡಿಬಂದಳು. ಕಿಟಕಿ ತೆರೆದು, ಕುತ್ತಿಗೆಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿದರು. ಅಮ್ಮ ಬದುಕಿದಳು. ಮಾತು ಹೋಯಿತು.

ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಹಾಸಿಗೆಯವನು ಆ ಕೋಣೆಯಲ್ಲಿ ನಿಂತು ಮಷೀನಿಗೆ ಹಿಡಿಶಾಪ ಹಾಕುತ್ತಿದ್ದ. "ಹಾಳು ಹೊಸ ಮಷೀನು, ನಂಬಿಸಿ ಕತ್ತು ಕುಯ್ತು! ಹಳೇ ಕಾಲದ್ದಾಗಿದ್ರೆ..."

ಎದುರುಮನೆ ಅಕ್ಕ ಒಳಗೆ ಬಂದಳು. ಸ್ವಿಚ್ ಆರಿಸಿ, ಎಸಿಯ ಬಾಯಿ ತೆಗೆದು, ಫಿಲ್ಟರ್ ಎಳೆದು ಅವನ ಕೈಗಿಟ್ಟಳು. ಜಾಲರಿಯೇ ಕಾಣುತ್ತಿಲ್ಲ. ಅಂಗಡಿಯಿಂದ ಹಾರಿಬಂದ ಹತ್ತಿ, ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು.

"ಒಂದು ದಿಂಬು ತುಂಬಬಹುದು ನೋಡು. ಬಾಳಲ್ಲ ಬಾಳಲ್ಲ ಅಂತೀಯಲ್ಲ, ಬಾಳೋಕೆ ಬಿಟ್ಟೆಯಾ? ಒಳಗೆ ಮೂಗು ಕಟ್ಟಿದೆ, ಹೊರಗೆ ನೀನೇ ಕಟ್ಟಿದೆ. ನೆಟ್ಟಗೆ ನೋಡ್ಕೊಂಡ್ರೆ ಇಂಥ ಮಷೀನು ಸಾಮಾನ್ಯವಾಗಿ ಹತ್ತು ವರ್ಷ ಓಡ್ತದೆ, ಹೆಚ್ಚೂ ಓಡ್ತದೆ. ಇನ್ನು ಗ್ಯಾಸ್! ಅದೇನು ಒಲೆ ಗ್ಯಾಸಾ, ಉರಿದು ಮುಗಿಯೋಕೆ? ಕಡಿಮೆ ಆಯ್ತು ಅಂದ್ರೆ ಎಲ್ಲೋ ತೂತಿದೆ. ತೂತು ಮುಚ್ಚದೆ ತುಂಬೋದು, ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ."

"ಅಮ್ಮ ಹೇಳಿದ್ಲು ಅಕ್ಕಾ" ಎಂದ. "ಏದುಸಿರು ಬಿಡ್ತಿದೆ ಅಂದ್ಲು. ನಾನು ನಕ್ಕೆ."

ಹೆಂಡತಿ ಅಂಗಡಿಯ ದೊಡ್ಡ ಕತ್ತರಿ ತಂದು ಅವನ ಮುಂದೆ ಹಿಡಿದಳು. "ನೀವು ಹೊಲಿದದ್ದು. ನೀವೇ ಕತ್ತರಿಸ್ರೀ."

ತಾರಸಿಗೆ ಹೋಗಿ ಹೊದಿಕೆ ಕತ್ತರಿಸಿದ. ಸುಟ್ಟ ಕಂಪ್ರೆಸರ್ ಬದಲಾಯಿಸಿದರು, ಪೈಪಿನ ತೂತು ಬೆಸೆದರು. ಆಮೇಲೆಯೇ ಅಮ್ಮನನ್ನು ಮನೆಗೆ ತಂದದ್ದು. ಈಗ ಎರಡು ವಾರಕ್ಕೊಮ್ಮೆ ಅವನೇ ಫಿಲ್ಟರ್ ತೊಳೆದು, ನೆರಳಲ್ಲಿ ಒಣಗಿಸಿ ಹಾಕುತ್ತಾನೆ. ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಅಮ್ಮನ ಪಕ್ಕ ಕೂತು ಮಷೀನಿನ ಸದ್ದು ಕೇಳುತ್ತಾನೆ. ಸದ್ದು ಬದಲಾದರೆ ಹೇಳಲು ಈಗ ಅಮ್ಮನಿಗೆ ಬಾಯಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈ ಹಾಳೆ ಮಡಚಿಡುವ ಮುಂಚೆ ಎದ್ದು ಹೋಗಿ. ಸ್ವಿಚ್ ಆರಿಸಿ, ನಿಮ್ಮ ಎಸಿಯ ಫಿಲ್ಟರ್ ಎಳೆದು ನೋಡಿ. ಹೊರಪೆಟ್ಟಿಗೆಗೆ ಗೋಣಿ, ಬಟ್ಟೆ, ಹಲಗೆ ಏನು ಅಡ್ಡ ಇದ್ದರೂ ಕಿತ್ತು ಎಸೆಯಿರಿ. ಆದರೆ ಪೆಟ್ಟಿಗೆಯನ್ನೇ ನೀವು ಬಿಚ್ಚಬೇಡಿ, ಬೇಸಿಗೆಗೆ ಮುಂಚೆ ಬಲ್ಲವರಿಂದ ಸರ್ವೀಸ್ ಮಾಡಿಸಿ. ಗ್ಯಾಸ್ ತುಂಬುತ್ತೇನೆ ಎಂದವನನ್ನು "ತೂತೆಲ್ಲಿ ತೋರಿಸು" ಎಂದು ನಿಲ್ಲಿಸಿ ಕೇಳಿ. ಎಷ್ಟೇ ಒಳ್ಳೇ ಮಷೀನಾದರೂ ಒಂದು ದಿನ ನಿಲ್ಲುತ್ತದೆ. ಮಲಗಿದವರನ್ನು ಅದರ ಕೈಗೆ ಒಪ್ಪಿಸಿ ಬಾಗಿಲು ಹಾಕಿಕೊಂಡು ಹೋಗಬೇಡಿ. ಮತ್ತೆ, ಅದರ ಕೆಳಗೆ ಮಲಗಿರುವ ಜೀವ "ಸದ್ದು ಬದಲಾಗಿದೆ" ಎಂದರೆ ನಗಬೇಡಿ. ಹೇಳಲು ಅವರಿಗೆ ಬಾಯಿರುವಾಗಲೇ ಕೇಳಿಸಿಕೊಳ್ಳಿ.