ಸೋದರಮಾವನಿಗೆ ನಾಲ್ಕು ಕಾಲಿನ ಕಾಗದ

ನಾಳೆ ಸುಯೀಯ ಕಿರಿಮಗಳು ಯಾಲಿಂಗಳ ಮದುವೆ. ಷೆ ಬುಡಕಟ್ಟಿನ ಜನರ ಆ ಗುಡ್ಡದೂರಿನಲ್ಲಿ ಸೋದರಮಾವ ಬಂದು ಮೇಲಿನ ಪೀಠದಲ್ಲಿ ಕೂರುವ ತನಕ ಮದುವಣಗಿತ್ತಿ ಹೊಸಿಲು ದಾಟುವಂತಿಲ್ಲ. ಆ ಮಾವ, ಲಾನ್ ಶೂಗೆನ್, ಆರು ವರ್ಷದಿಂದ ಅಕ್ಕ ಸುಯೀಯ ಮನೆಯ ಕಡೆ ತಲೆ ಹಾಕಿಯೂ ಮಲಗಿಲ್ಲ.

ಕಾರಣ ಒಂದು ಕಾಗದದ ಮೀನು. ಹಿರಿಮಗಳ ಮದುವೆ ಮುಗಿದ ಮೇಲೆ ಮಾವನಿಗೆ ಕಳಿಸಿದ ಹಂದಿತೊಡೆಯ ಮೇಲೆ ಕೆಂಪು ಕಾಗದದಲ್ಲಿ ಕತ್ತರಿಸಿದ ಛೀಲಿನ್ ಇರಬೇಕಿತ್ತು. ಕೊಂಬು, ನಾಲ್ಕು ಕಾಲು, ಮೈತುಂಬ ಹುರುಪೆ ಇರುವ ದೇವಮೃಗ ಅದು. ಗಡಿಬಿಡಿಯಲ್ಲಿ ನೆರೆಮನೆಯವರ ಮೊಟ್ಟೆಬುಟ್ಟಿಗೆ ಹೋಗಬೇಕಾದ ಮೀನು ತೊಡೆಯ ಮೇಲೆ ಕೂತಿತು. ಶೂಗೆನ್ ತೊಡೆ ಇಟ್ಟುಕೊಂಡ, ಮೀನು ವಾಪಸು ಕಳಿಸಿದ.

ಈ ಸಲ ಮದುವೆಗೆ ಮೊದಲೇ, ಹಂದಿತೊಡೆಯನ್ನು ತಾನೇ ಒಯ್ದು ಕೊಡುವುದೆಂದು ಸುಯೀ ನಿಶ್ಚಯಿಸಿದಳು. ಕತ್ತರಿಯನ್ನು ಪೂರ್ವಿಕರ ಮುಂದಿಟ್ಟು ಊದುಬತ್ತಿ ಹಚ್ಚಿ ಕೈಮುಗಿದಳು. ಗೆರೆ ಎಳೆಯದೆ ಕತ್ತರಿಸಿದಳು. ಹುರುಪೆ ಒಂದೊಂದೂ ಅಕ್ಕಿಕಾಳಿನಷ್ಟು. ಹಸಿ ತೊಡೆಯ ಮೇಲೆ ಅದನ್ನು ಹಾಸಿ, ಬುಟ್ಟಿ ಹೊತ್ತು ಮಂಜಿನಲ್ಲೇ ಗುಡ್ಡ ಹತ್ತಿ ಇಳಿದಳು.

ಶೂಗೆನ್ ಅಂಗಳದಲ್ಲಿ ಚಹಾದೆಲೆ ಆರಿಸುತ್ತಿದ್ದ. ಬುಟ್ಟಿಯೊಳಗೆ ಇಣುಕಿದ. ಒದ್ದೆಯಾದ ಕಾಗದದ ಬಣ್ಣವೆಲ್ಲ ಮಾಂಸಕ್ಕಿಳಿದಿತ್ತು. ಕೊಂಬು ಕರಗಿ, ಕಾಲು ಮುದ್ದೆಯಾಗಿ, ನಡುವಿನ ಹುರುಪೆ ಮಾತ್ರ ಸ್ಪಷ್ಟವಾಗಿ ಉಳಿದಿತ್ತು.

"ಮತ್ತೆ ಮೀನು," ಅಂದ.

"ಮೀನಲ್ವೋ. ಛೀಲಿನ್."

"ಹುರುಪೆ ಕಾಣ್ತಾ ಇದೆಯಲ್ಲಕ್ಕಾ."

"ಅದಕ್ಕೂ ಹುರುಪೆ ಇರುತ್ತೆ ಕಣೋ."

"ಮೀನಿಗೂ ಇರುತ್ತೆ."

ಒಳಗಿನಿಂದ ಅವನ ಹೆಂಡತಿ ಅಂದಳು: "ಕೂತ್ಕೊಳ್ಳಿ ಅತ್ತಿಗೆ, ಇದು ಈಗಲೇ ಮುಗಿಯೋ ಮಾತಲ್ಲ."

ಸುಯೀ ಕೂತಳು. ದೇವರಿಗೆ ಪೂರ್ತಿ ಪ್ರಾಣಿ ಕಾಣುತ್ತದೆ, ತಮ್ಮಂದಿರಿಗೆ ಹುರುಪೆ ಕಾಣುತ್ತದೆ. ಸೊಂಟದ ಚೀಲದಿಂದ ಕತ್ತರಿ ತೆಗೆದಳು. "ಕಾಗದ ಕೊಡು. ನಿನ್ನ ಕಣ್ಣೆದುರಿಗೇ ಕತ್ತರಿಸ್ತೀನಿ."

ಆ ಮನೆಯಲ್ಲಿದ್ದ ಕೆಂಪು ಕಾಗದ ಒಂದೇ: ಹೊಸವರ್ಷಕ್ಕೆ ಅಕ್ಕಿಯ ಕಣಜಕ್ಕೆ ಅಂಟಿಸಿದ್ದು. ಕಿತ್ತರೆ ಕಣಜ ಬರಿದಾಗುತ್ತದೆಂದು ವರ್ಷದ ನಡುವೆ ಅದನ್ನು ಕೀಳುವವರಿಲ್ಲ. ಶೂಗೆನ್ ಕಣಜದ ಮುಂದೆ ಹೋಗಿ ನಿಂತ. ಆಮೇಲೆ ಕೈಮುಗಿದು, ಉಗುರಿನಿಂದ ಮೂಲೆ ಎಬ್ಬಿಸಿ, ಹರಿಯದಂತೆ ಬಿಡಿಸಿ ತಂದುಕೊಟ್ಟ. ಹೆಂಡತಿ ಕಣಜದ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದಳು.

"ಮೊದ್ಲು ಕಾಲು ಕತ್ತರಿಸು," ಅಂದ ಶೂಗೆನ್.

ಯಾರೂ ಕಾಲಿನಿಂದ ಶುರು ಮಾಡುವುದಿಲ್ಲ. ಸುಯೀ ಮಾಡಿದಳು. ಅವನು ಬಗ್ಗಿ ಎಣಿಸಿದ: ಒಂದು, ಎರಡು, ಮೂರು, ನಾಲ್ಕು. ಬಾಲ ಬಂತು, ಮೈ ಬಂತು, ತಲೆ ಬಂತು. ಅಷ್ಟರಲ್ಲಿ ಕಾಗದ ಮುಗಿಯಿತು.

"ಕೊಂಬಿಗೆ ಜಾಗ ಸಾಲ್ಲಿಲ್ಲ," ಅಂದಳು.

"ಹುರುಪೆ?"

"ನೀನು ಬೇಡ ಅಂದ್ರೆ ಬಿಡ್ತೀನಿ."

"ಬಿಟ್ಬಿಡು."

ಕೊಂಬಿಲ್ಲದ, ಹುರುಪೆಯಿಲ್ಲದ, ಕಾಲು ತುಸು ದಪ್ಪಗಿನ ಪ್ರಾಣಿ ಅಂಗೈ ಮೇಲೆ ನಿಂತಿತು. ಹೆಚ್ಚುಕಡಿಮೆ ಎಮ್ಮೆಕರು. ಶೂಗೆನ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತೊಡೆಯ ಒಣಗಿದ ಬದಿ ಹುಡುಕಿ ಇಟ್ಟ.

"ನಾಳೆ ಎಷ್ಟು ಹೊತ್ತಿಗೆ ಬರ್ಬೇಕು?"

"ಬೆಳಕು ಹರಿಯೋದ್ರೊಳಗೆ."

"ಮೇಲಿನ ಪೀಠಕ್ಕೆ ದಿಂಬು ಹಾಕ್ಸಕ್ಕಾ. ಸೊಂಟ ನೋವು," ಅಂದು ಅವನು ಚಹಾದೆಲೆಯ ಕಡೆ ತಿರುಗಿದ.