ಸೋಲಾರ್ ಲೆಕ್ಕದಲ್ಲಿ ಅಂಜಲ್ ಮೀನು

ಚಂದಯ್ಯನವರು ಒಂದು ದಿನವೂ ಇಲ್ಲ ಎಂದವರಲ್ಲ. ನನಗೆ ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ. ಇಲ್ಲ ಎಂದಿದ್ದರೆ ನಾವು ಎಂದೋ ಬೇರೆ ದಾರಿ ಹುಡುಕುತ್ತಿದ್ದೆವು. ಅವರು ಹೇಳುತ್ತಿದ್ದದ್ದು ‘ಕಾಂಬ’ ಎಂದು. ನೋಡೋಣ ಅಂತ, ಅಷ್ಟೇ.

ನಮ್ಮ ಮನೆ ಕೋಟೇಶ್ವರದಿಂದ ಪಡುವಣಕ್ಕೆ, ಕಡಲ ಬದಿಯಲ್ಲಿ. ಕರೆಂಟಿನ ಸರಿಗೆ ಚಂದಯ್ಯನವರ ತೆಂಗಿನ ತೋಟದವರೆಗೆ ಬಂದು ನಿಂತು ವರ್ಷಗಳಾಗಿದ್ದವು. ಆ ತೋಟದ ಮೂಲೆಯಲ್ಲಿ ಒಂದು ಕಂಬ ನೆಟ್ಟರೆ ನಮ್ಮ ಮನೆಗೆ ಬೆಳಕು. ಕಂಬ ನೆಡಲು ಅವರ ಒಪ್ಪಿಗೆಯ ಸಹಿ ಬೇಕು. ಸುತ್ತುಬಳಸಿ ತರುವುದಾದರೆ ಆರು ಕಂಬ, ಖರ್ಚೆಲ್ಲ ನಮ್ಮ ತಲೆ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ.

ಆ ಸಹಿಯ ಆಸೆಗೆ ನನ್ನ ಅತ್ತೆ ಬೆಳ್ಳಿ ಅವರ ಮನೆಗೆ ಮೀನು ಕೊಡಲು ಶುರು ಮಾಡಿದ್ದು ನಾನು ಮದುವೆಯಾಗಿ ಬರುವುದಕ್ಕೂ ಮೊದಲು. ನನ್ನ ಗಂಡ ಕರಿಯನ ದೋಣಿಗೆ ಬೆಲೆಬಾಳುವ ಅಂಜಲ್ ಮೀನು ಸಿಕ್ಕಿತೆಂದರೆ ಒಳ್ಳೆಯದೊಂದು ಚಂದಯ್ಯನವರ ಗೇಟಿಗೆ ಹೋಗಲೇಬೇಕು. ನನ್ನ ಅತ್ತೆ ಬುಟ್ಟಿ ಹೊತ್ತು ಊರೆಲ್ಲ ಮೀನು ಮಾರುವವಳು. ಎಂಟಾಣೆಗೂ ಬಿಡದೆ ಜಗಳವಾಡುವ ಬಾಯಿ. ಆ ಒಂದು ಗೇಟಿನ ಎದುರು ಮಾತ್ರ ಬಾಯಿಗೆ ಬೀಗ. ಮೀನು ಕೊಟ್ಟು, ಸೆರಗು ಸರಿ ಮಾಡಿಕೊಂಡು, “ನಮ್ ಕಂಬದ್ ವಿಷ್ಯ...” ಎನ್ನುವಳು. “ಕಾಂಬ ಬೆಳ್ಳಿ, ಕಾಂಬ,” ಎಂದು ಉತ್ತರ ಬರುವುದು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ!

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ನಾನು ಕುಂದಾಪುರದ ಸೋಲಾರ್ ಅಂಗಡಿಯ ಸುಧಾಕರನನ್ನು ಮನೆಗೆ ಕರೆಸಿದೆ. ಅತ್ತೆ ಮುಖ ತಿರುಗಿಸಿ ಒಳಗೆ ಹೋದಳು. ಸುಧಾಕರ ಏಣಿ ಹತ್ತಿ ಹೆಂಚು ತಟ್ಟಿ ನೋಡಿದ, ತೆಂಗಿನ ನೆರಳು ಎಲ್ಲಿಗೆ ಬೀಳುತ್ತದೆಂದು ನೋಡಿದ, ಇಳಿದು ಬಂದು ಜಗಲಿಯಲ್ಲಿ ಕೂತು ಕಾಗದದ ಮೇಲೆ ಕೂಡಿ ಕಳೆದ. ನಾಲ್ಕು ದೀಪ, ಒಂದು ಪ್ಯಾನೆಲ್, ಒಂದು ಬ್ಯಾಟರಿ. ಕೈಯಿಂದ ಎರಡೂವರೆ ಸಾವಿರ ಕಟ್ಟಿದರೆ ಉಳಿದದ್ದಕ್ಕೆ ಬ್ಯಾಂಕಿನ ಸಾಲ, ಐದು ವರ್ಷದ ಕಂತು. ಆಮೇಲೆ ಅವನ ಮುಖ ಸಪ್ಪಗಾಯಿತು.

“ಅಕ್ಕಾ, ಇದ್ದದ್ದ್ ಹೇಳ್ತೆ. ಸೀಮೆಎಣ್ಣೆ ಉಳಿತಾಯ ತಿಂಗ್ಳಿಗೆ ನೂರ ಮೂವತ್ತ್. ಕಂತ್ ಇನ್ನೂರ ತೊಂಬತ್ತ್. ನಿಮ್ಗೆ ಇದ್ ನಷ್ಟವೇ. ಬ್ಯಾಂಕಿನವ್ರೂ ಒಪ್ಪುದಿಲ್ಲೆ.”

ಮಾರಲು ಬಂದವನೇ ಬೇಡ ಎನ್ನುತ್ತಾನೆ! ನನಗೆ ನಗುವೂ ಬಂತು, ಗೌರವವೂ ಬಂತು.

“ಅದ್ರಂಗೆ ಮೀನ್ ಸೇರ್ಸ್,” ಎಂದೆ.

“ಎಂತ ಮೀನ್?”

ಚಂದಯ್ಯನವರ ಮನೆಗೆ ಹೋಗುವ ಅಂಜಲ್ ಕತೆ ಹೇಳಿದೆ. ಮಳೆಗಾಲ ಬಿಟ್ಟರೆ ಒಂಬತ್ತು ತಿಂಗಳು, ತಿಂಗಳಿಗೆ ಎರಡು, ಒಂದಕ್ಕೆ ಇನ್ನೂರು ರೂಪಾಯಿ. ವರ್ಷಕ್ಕೆ ಮೂರು ಸಾವಿರದ ಆರುನೂರು. ಸೋಲಾರ್ ಬಂದರೆ ಇದನ್ನು ಕೊಡುವ ಕೆಲಸವಿಲ್ಲ. ಸುಧಾಕರ ಪೆನ್ನಿನ ತುದಿ ಕಚ್ಚಿಕೊಂಡು ಕೂಡಿದ. ಕಂತು ಕಳೆದು ಇನ್ನೂ ಉಳಿಯುತ್ತಿತ್ತು. ಐದು ವರ್ಷಕ್ಕೆ ಹೊಸ ಬ್ಯಾಟರಿಗೂ ಆಗುತ್ತಿತ್ತು.

“ಲೆಕ್ಕ ಸಮ ಇತ್ತ್. ಆರೆ ಬ್ಯಾಂಕಿಗೆ ಮೀನ್ ಅಂದೇಳಿ ಬರೂಕಾತ್ತಾ?”

“ಎಂತಕ್ಕೆ ಆತಿಲ್ಲೆ? ಸೀಮೆಎಣ್ಣೆ ಬರೂಕಾತ್ತ್, ಮೀನ್ ಬರೂಕಾತಿಲ್ಯಾ? ಎರಡೂ ನಮ್ಮನಿಂದ ಹೋಪುದೇ ಅಲ್ದಾ?”

ಅವನು ಅದನ್ನು ‘ಇತರ ಉಳಿತಾಯ’ ಎಂದು ಬರೆದ. ಹೋಗುವಾಗ, ಆಷಾಢದಲ್ಲಿ ದೀಪ ಹೆಚ್ಚು ಹೊತ್ತು ಉರಿಯಲಿಕ್ಕಿಲ್ಲ, ಉಪ್ಪುಗಾಳಿಗೆ ಪ್ಯಾನೆಲ್ ಆಗಾಗ ಒರೆಸಬೇಕು ಎಂದೂ ಹೇಳಿದ. ಸುಳ್ಳು ಹೇಳಿ ಮಾರುವವನಲ್ಲ. ಬ್ಯಾಂಕು ಸಾಲಕ್ಕೆ ಒಪ್ಪಿತು.

ಎಲ್ಲ ಸರಿಯಾಗುತ್ತಿತ್ತು. ಆದರೆ ನನ್ನ ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸೋಲಾರ್ ಬರುವವರೆಗಾದರೂ ಚಂದಯ್ಯನವರನ್ನು ಎದುರು ಹಾಕಿಕೊಳ್ಳುವುದು ಬೇಡವೆಂದು ತಾನೇ ಒಂದು ಅಂಜಲ್ ಹಿಡಿದು ಅಲ್ಲಿಗೆ ಹೋದ. ಅವರಿಗೂ ಸಂತೋಷವಾಗುತ್ತದೆ ಎಂದುಕೊಂಡು, ನಮ್ಮ ಮನೆಗೆ ಮುಂದಿನ ತಿಂಗಳು ಸೋಲಾರ್ ದೀಪ ಬರುತ್ತದೆ ಎಂದು ಹೇಳಿಯೇ ಬಂದ. ಪಾಪ, ಅವನಿಗೆ ಜನ ಗೊತ್ತಿಲ್ಲ, ಕಡಲು ಮಾತ್ರ ಗೊತ್ತು.

ಮರುದಿನ ಚಂದಯ್ಯನವರು ನಮ್ಮ ಅಂಗಳಕ್ಕೆ ಬಂದರು. ಆ ಮನುಷ್ಯ ನಮ್ಮ ಅಂಗಳ ತುಳಿದದ್ದು ಅದೇ ಮೊದಲು. ಕೈಯಲ್ಲಿ ಒಪ್ಪಿಗೆ ಪತ್ರ, ಅದರಲ್ಲಿ ಸಹಿ. ಇಷ್ಟು ವರ್ಷ ಕಾಣಬೇಕಾಗಿದ್ದದ್ದನ್ನು ಒಂದೇ ರಾತ್ರಿಯಲ್ಲಿ ಕಂಡುಬಿಟ್ಟಿದ್ದರು!

“ಸಾಲ ಎಂತಕ್ಕೆ ಮಾರಾಯ? ಆ ಸೋಲಾರ್ ಕನ್ನಡಿ ನಂಬಿ ಕೂಕಂಬುದಾ? ಕಂಬ ಹಾಕ್ಸ್ಕಣಿ,” ಎಂದು ಕಾಗದವನ್ನು ಕರಿಯನ ಕೈಗಿಟ್ಟರು.

ಕರಿಯನ ಕಣ್ಣು ಅರಳಿತು. ಅತ್ತೆ ಕೈ ಮುಗಿದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಮೋಸ ಮಾಡದೆ ಹಾಕಿದೆ. ಮೀಟರು, ಡಿಪಾಸಿಟ್ಟು, ಐದು ವರ್ಷದ ಬಿಲ್ಲು ಎಲ್ಲ ಸೇರಿದರೂ ಐದೂವರೆ ಸಾವಿರ ದಾಟದು. ಸೋಲಾರಿಗೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ. ಯಾವ ಮಗು ಕೂಡಿದರೂ ಕರೆಂಟೇ ಅಗ್ಗ.

“ಕಂಬ ನಿಮ್ ಜಾಗದಂಗೇ ಇಪ್ಪುದಲ್ದಾ?” ಎಂದು ಕೇಳಿದೆ.

“ಮತ್ತೆಲ್ಲಿ? ನಾನ್ ಇಪ್ಪೊರೆಗೆ ಅದನ್ನ ಯಾರೂ ಮುಟ್ಟುದಿಲ್ಲೆ. ನೀವ್ ಹಿಂದಿನಂಗೇ ಇದ್ರಾಯ್ತ್.”

ಹಿಂದಿನಂತೆ! ಆ ಒಂದು ಮಾತಿಗೆ ನನ್ನ ಲೆಕ್ಕ ತಲೆಕೆಳಗಾಗಿ, ಸರಿಯಾಗಿ ಕೂತಿತು. ಕಾಗದವನ್ನು ಕರಿಯನ ಕೈಯಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಚಂದಯ್ಯನವರಿಗೇ ವಾಪಸು ಕೊಟ್ಟೆ.

“ನಮ್ಗೆ ಬ್ಯಾಡ,” ಎಂದೆ. “ನೀವೇ ಇಟ್ಕಣಿ.”

ಅವರು ಹೋದ ಮೇಲೆ ಕರಿಯ ಸಿಟ್ಟಿನಲ್ಲಿ ಕುಣಿದಾಡಿಬಿಟ್ಟ. “ನಿನ್ ಹಟಕ್ಕೆ ಇಪ್ಪತ್ತ್ ಸಾವ್ರವಾ? ಸಹಿ ಸಿಕ್ಕಿದ್ ಮೇಲೆ ಮೀನ್ ಕೊಡ್ಕಂದೇಳಿ ಎಂತ ಇತ್ತ್?”

“ಗಾಳಿಗೆ ತೆಂಗಿನ್ ಮಡ್ಲ್ ಬಿದ್ದ್ ಸರಿಗೆ ತುಂಡಾರೆ ಲೈನ್‌ಮ್ಯಾನ್ ಗೇಟಿನೊಳ್ಗೆ ಹೋಪುಕೆ ಯಾರನ್ನ ಕೇಂಬುದ್? ಆಗ ಮತ್ತೆ ಅಂಜಲ್. ಬ್ಯಾಂಕಿನ್ ಸಾಲ ಐದ್ ವರ್ಷಕ್ಕೆ ಮುಗಿತ್ತ್. ಇವ್ರದ್ದ್ ಯಾವಾಗ ಮುಗಿತ್ತ್, ಹೇಳ್ ಕಾಂಬ?”

ಅವನು ಬಲೆ ಹೆಗಲಿಗೇರಿಸಿ ಕಡಲ ಕಡೆ ನಡೆದ. ಅತ್ತೆಯಂತೂ ನನ್ನ ಜೊತೆ ಮಾತೇ ಬಿಟ್ಟಳು. ದೊಡ್ಡವರ ಕೈಗೆ ಕಾಗದ ವಾಪಸು ಕೊಟ್ಟ ಸೊಸೆಯನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ. ಪ್ಯಾನೆಲ್ ಹೆಂಚಿನ ಮಾಡಿಗೆ ಏರಿದ ದಿನವೂ ಅವಳು ತಲೆ ಎತ್ತಿ ನೋಡಲಿಲ್ಲ. ದೀಪ ಹತ್ತಿದಾಗ ಮಗಳು ಚಂದನಾ ಅಂಗಳದಲ್ಲೆಲ್ಲ ಓಡಾಡಿದಳು, ಅಜ್ಜಿ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದಳು.

ಮಳೆಗಾಲ ನನ್ನನ್ನು ಚೆನ್ನಾಗಿ ಅರೆಯಿತು. ಜುಲೈಯಲ್ಲಿ ಮೋಡ ಬಿಡಲೇ ಇಲ್ಲ. ಊಟ ಮುಗಿಯುವ ಮೊದಲೇ ದೀಪ ಕೆಂಪಾಗಿ ಹೋಗುವುದು. “ಚಂದಯ್ಯನ ಮನೇಲಿ ಟಿವಿ ನಡೀತಿತ್ತ್, ಕೇಣ್,” ಎಂದು ಕರಿಯ ಚುಚ್ಚುವನು. ದೋಣಿ ದಡದಲ್ಲಿ, ಕಂತು ತಲೆಯ ಮೇಲೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮಾರಿ ಕಂತು ಕಟ್ಟಿದೆ. ಒಂದೆರಡು ಸಲ ಅತ್ತದ್ದೂ ಉಂಟು, ಆದರೆ ಆ ಸಹಿಗಾಗಿ ಅತ್ತದ್ದಲ್ಲ.

ಚೌತಿ ಕಳೆದು ಕಡಲು ಒಂದು ಹದಕ್ಕೆ ಬಂತು. ಕರಿಯನ ಬಲೆಗೆ ಮಳೆ ಕಳೆದ ಮೇಲಿನ ಮೊದಲ ಅಂಜಲ್ ಬಿತ್ತು, ಎರಡು ಕಿಲೋ ಮೇಲೆಯೇ ಇದ್ದೀತು. ಅತ್ತೆ ಏನೂ ಹೇಳದೆ ಅದನ್ನು ಬುಟ್ಟಿಗೆ ಹಾಕಿಕೊಂಡು ನಡೆದಳು. ಹೋದದ್ದು ಸೀದಾ ಚಂದಯ್ಯನವರ ಗೇಟಿಗೆ. ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಓಡಿ ಅವಳ ಹಿಂದೆಯೇ ಹೋದೆ.

ಚಂದಯ್ಯನವರ ಹೆಂಡತಿ ಉಮಾವತಿ ಬಾಗಿಲಿಗೆ ಬಂದರು. ಮೀನು ಕಂಡು ಮುಖ ಅರಳಿತು. ಗೆದ್ದೆವು ಎನ್ನುವ ನಗು ಅದು. ಎಂದಿನಂತೆ ಪಾತ್ರೆ ಹಿಡಿದು ಬಂದು ಬುಟ್ಟಿಗೆ ಕೈ ಹಾಕಿದರು.

“ಇನ್ನೂರೈವತ್ತ್,” ಎಂದಳು ನನ್ನ ಅತ್ತೆ.

ಉಮಾವತಿಯ ಕೈ ಅಲ್ಲೇ ನಿಂತಿತು. “ಎಂತ ಬೆಳ್ಳಿ, ತಮಾಷೆ ಮಾಡ್ತ್ಯಾ?”

“ಹೊಸ ಮೀನ್ ಅಮ್ಮಾ. ಕಿವಿ ಬಿಡ್ಸಿ ಕಾಣಿ. ಬಂದರದಂಗೆ ಇದಕ್ಕಿಂತ ಕಮ್ಮಿ ಇಲ್ಲೆ.”

ಒಳಗಿನಿಂದ ಚಂದಯ್ಯನವರ ಸ್ವರ ಕೇಳಿತು. “ಮೀನ್ ತಕೋ, ದುಡ್ಡ್ ನಾಳೆ ಕೊಡ್ತೆ ಅನ್.”

ಅತ್ತೆ ಸೆರಗು ಸರಿ ಮಾಡಿಕೊಳ್ಳಲಿಲ್ಲ. ಉಮಾವತಿಯ ಕೈಯನ್ನು ಮೆಲ್ಲನೆ ಬುಟ್ಟಿಯಿಂದ ಹೊರಗೆ ಸರಿಸಿದಳು.

“ದುಡ್ಡ್ ನಾಳೆ ಆರೆ ಮೀನೂ ನಾಳೆ,” ಎಂದಳು. ಬುಟ್ಟಿಯನ್ನು ತಲೆಗೇರಿಸಿ, ಆಚೆ ಮನೆಯ ದಾರಿ ಹಿಡಿದು, ಆ ಗೇಟಿನ ಎದುರೇ ಗಂಟಲು ಬಿಚ್ಚಿ ಕೂಗಿದಳು.

“ಹ್ವಾಯ್, ಅಂಜಲ್ ಇತ್ತ್, ಅಂಜಲ್!”